ಸೋಫಾದ ಎಡಗೈ

ಆ ಸೋಫಾ ಹಗಲೆಲ್ಲ ಮನೆಯವರದು, ರಾತ್ರಿ ಮಾತ್ರ ಅಕ್ಕನದು. ಗಂಡ ತೀರಿಕೊಂಡು, ಬಾಡಿಗೆ ಮನೆ ಖಾಲಿ ಮಾಡಿ ತಮ್ಮನ ಮನೆಗೆ ಬಂದಾಗ ಸ್ವಲ್ಪ ದಿನದ ಮಟ್ಟಿಗೆ ಎಂದೇ ಎಲ್ಲರೂ ಮಾತಾಡಿಕೊಂಡಿದ್ದರು. ಆ ಸ್ವಲ್ಪ ದಿನಕ್ಕೆ ಈಗ ನಾಲ್ಕು ವರ್ಷ. ಮೂರನೇ ಮಹಡಿಯಲ್ಲಿ ಒಂದು ಹಾಲ್, ಒಂದು ಅಡುಗೆಮನೆ, ಗಂಡ ಹೆಂಡತಿಗೆ ಒಂದು ಕೋಣೆ, ಬಲೆ ಬಿಗಿದ ಒಂದು ಬಾಲ್ಕನಿ. ಟಿವಿ ಆರುವ ತನಕ ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಆಕಳಿಸಬೇಕು. ಬೆಳಿಗ್ಗೆ ಕೋಣೆಯ ಚಿಲಕ ಸದ್ದಾಗುವ ಮೊದಲೇ ಎದ್ದು, ಹೊದಿಕೆ ಮಡಿಸಿ ಸೋಫಾದಡಿ ತುರುಕಿ, ಅಲ್ಲಿ ಯಾರೂ ಮಲಗಿಯೇ ಇರಲಿಲ್ಲ ಎನ್ನುವ ಹಾಗೆ ಮಾಡಿಡಬೇಕು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಅದು ನಿಜ. ಹೇಳಿಸಿಕೊಳ್ಳುವ ತನಕ ಕಾಯುವ ಜಾಯಮಾನ ಅವಳದಲ್ಲ.

ಇದ್ದೂ ಇಲ್ಲದ ಹಾಗೆ ಬದುಕುವವಳ ಜೊತೆಗೆ ಒಂದು ಬೆಕ್ಕು ಬೇರೆ. ಹಳದಿ ಬಣ್ಣದ ಗಂಡು ಬೆಕ್ಕು, ಹೆಸರು ದೊರೆ. ಹೆಸರಿಟ್ಟವನು ಅವಳ ಗಂಡ. ಇಟ್ಟದ್ದು ತಮಾಷೆಗೆ, ಆದರೆ ಬೆಕ್ಕು ಅದನ್ನು ನಿಜವೆಂದೇ ನಂಬಿಬಿಟ್ಟಿತ್ತು. ಅಕ್ಕ ಮನೆಯೊಳಗೆ ಗೋಡೆಗೆ ಮೈ ಒತ್ತಿಕೊಂಡು ಓಡಾಡಿದರೆ ದೊರೆ ಹಾಲಿನ ನಟ್ಟನಡುವೆ ಕಾಲು ಚಾಚಿ ಮಲಗುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಮೈ ಮುರಿದು, ಸೋಫಾದ ಎಡಗೈಗೆ ಎರಡೂ ಮುಂಗಾಲು ಹಚ್ಚಿ, ಪರಪರ ಪರಪರ ಎಂದು ಕೆರೆಯುತ್ತಿತ್ತು. ಅಕ್ಕ ತಲೆಯಿಟ್ಟು ಮಲಗುವುದೂ ಅದೇ ಎಡಗೈಗೆ.

ಸೋಫಾ ತಮ್ಮನ ಹೆಂಡತಿಯ ತವರಿನದು, ಮದುವೆಯಲ್ಲಿ ಬಂದದ್ದು. ಹಾಗೆ ನೋಡಿದರೆ ಆಕೆ ಕೆಟ್ಟವಳಲ್ಲ. ಅಕ್ಕನಿಗೆ ತಟ್ಟೆ ಇಡುವಾಗ ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ. ಅದೇ ಕಷ್ಟ ನೋಡಿ. ಜಗಳಗಂಟಿಯಾಗಿದ್ದರೆ ಬಯ್ದುಕೊಂಡಾದರೂ ಹಗುರಾಗಬಹುದಿತ್ತು. ಮೊದಲ ಸಲ ಎಡಗೈಯ ಬಟ್ಟೆ ಹರಿದು ಸ್ಪಂಜು ಇಣುಕಿದಾಗ ಆಕೆ ಅಕ್ಕನ ಹತ್ತಿರ ಬಂದು ಕೂತು, ದನಿ ಏರಿಸದೆ ಹೇಳಿದಳು.

"ಅಕ್ಕ, ನೀವು ಬೇಜಾರು ಮಾಡ್ಕೋಬೇಡಿ. ಇದು ನಮ್ಮಮ್ಮ ಕೊಟ್ಟಿದ್ದು. ಹೀಗೇ ಹರೀತಾ ಇದ್ರೆ ಬೆಕ್ಕನ್ನ ಎಲ್ಲಾದ್ರೂ ಬಿಟ್ಟು ಬರ್ಬೇಕಾಗತ್ತೆ."

ಅಕ್ಕ ತಲೆಯಾಡಿಸಿದಳು. ಅವಳಿಗೆ ಕೇಳಿಸಿದ್ದೇ ಬೇರೆ. ಇವತ್ತು ಬೆಕ್ಕು, ನಾಳೆ ನಾನು. ಎಲ್ಲಿಗೆ ಹೋಗುವುದು? ಅವಳಿಗೆ ಇನ್ನೊಂದು ಮನೆ ಇರಲಿಲ್ಲ, ಇನ್ನೊಬ್ಬ ತಮ್ಮನೂ ಇರಲಿಲ್ಲ. ಬೆಕ್ಕನ್ನು ಕೆರೆಯದ ಹಾಗೆ ಮಾಡಿಬಿಟ್ಟರೆ ಯಾರಿಗೂ ಏನೂ ಹೇಳಲು ಬಾಯಿರುವುದಿಲ್ಲ, ಇಬ್ಬರೂ ಇಲ್ಲೇ ಇದ್ದುಬಿಡಬಹುದು ಎಂದು ಅವಳು ಲೆಕ್ಕ ಹಾಕಿದಳು.

ಹರಿದದ್ದನ್ನು ಸರಿಮಾಡುವುದೇನೂ ಅವಳಿಗೆ ದೊಡ್ಡ ವಿಷಯವಲ್ಲ. ಹದಿನೆಂಟು ವರ್ಷದಿಂದ ಹಳೇ ಬೀದಿಯ ಕುಶನ್ ಅಂಗಡಿಯಲ್ಲಿ ಅದೇ ಕೆಲಸ. ತುಕ್ಕು ಹಿಡಿದ ಪಿನ್ನು ಕಿತ್ತು, ಹಳೇ ಬಟ್ಟೆ ಬಿಚ್ಚಿ, ಸ್ಪಂಜು ಬದಲಿಸಿ, ಹೊಸ ಬಟ್ಟೆ ಎಳೆದು ಬಿಗಿಯುವುದು. ಬಾಗಿದ ಸೂಜಿ ಹಿಡಿದು ಅವಳು ಹೊಲಿದರೆ ಹೊಲಿಗೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದರೂ ಸಿಗದು. ಅಂಗಡಿಯ ಯಜಮಾನರು ಗಿರಾಕಿಗಳ ಮುಂದೆ ಅವಳನ್ನು ಹೊಗಳುತ್ತಿದ್ದರು, ಅವಳ ಮುಂದೆ ಮಾತ್ರ ಗುರುಗುಟ್ಟುತ್ತಿದ್ದರು. ಅಲ್ಲಿ ಅವಳು ಕಲಿತ ಪಾಠ ಒಂದೇ: ಹರಿದ ಜಾಗಕ್ಕೆ ಮೊದಲಿಗಿಂತ ದಪ್ಪ ಬಟ್ಟೆ ಹಾಕು, ಇನ್ನೂ ಬಿಗಿಯಾಗಿ ಎಳೆ.

ಭಾನುವಾರ ಅಂಗಡಿಯಿಂದ ಒರಟು ನೇಯ್ಗೆಯ ಗಟ್ಟಿ ತುಂಡೊಂದನ್ನು ಕೇಳಿ ತಂದು ಎಡಗೈಗೆ ಹಾಕಿದಳು. ಬುಧವಾರದೊಳಗೆ ದೊರೆ ಅದನ್ನು ಚಿಂದಿ ಮಾಡಿತು. ಮುಂದಿನ ಭಾನುವಾರ ಇನ್ನೂ ದಪ್ಪದ್ದು ತಂದಳು. ಬೆಕ್ಕಿಗೆ ಇನ್ನೂ ಖುಷಿ. ಬೆನ್ನು ಬಿಲ್ಲಿನಂತೆ ಬಾಗಿಸಿ, ಕಣ್ಣು ಮುಚ್ಚಿ, ತಪಸ್ಸಿಗೆ ಕೂತವರ ಹಾಗೆ ಕೆರೆಯಿತು. ಗದರಿದಳು, ಚಪ್ಪಾಳೆ ತಟ್ಟಿದಳು, ಮುಖಕ್ಕೆ ನೀರು ಚಿಮುಕಿಸಿದಳು, ಕಿತ್ತಳೆ ಸಿಪ್ಪೆ ಉಜ್ಜಿದಳು. ಮನೆಯೆಲ್ಲ ಕಿತ್ತಳೆ ವಾಸನೆ ಬಂತೇ ಹೊರತು ದೊರೆ ಜಪ್ಪಯ್ಯ ಅನ್ನಲಿಲ್ಲ. ನೀರಿನ ಸೀಸೆ ಅವಳ ಕೈಯಲ್ಲಿದ್ದಾಗ ಸುಮ್ಮನಿದ್ದು, ಅವಳು ಸ್ನಾನಕ್ಕೆ ಹೋದಾಗ ಕೆರೆಯುವುದನ್ನು ಮಾತ್ರ ಕಲಿತುಕೊಂಡಿತು. ಬಚ್ಚಲಲ್ಲಿ ತಂಬಿಗೆ ಎತ್ತಿದ ಕೂಡಲೇ ಪರಪರ ಸದ್ದು. ಅಕ್ಕ ಮೈಗೆ ಸೋಪು ಮೆತ್ತಿಕೊಂಡೇ ಕಿವಿ ನಿಮಿರಿಸಿ ನಿಲ್ಲುತ್ತಿದ್ದಳು. ಮೆಲ್ಲಗೆ ಕೆರೆಯೋ, ಪುಣ್ಯಾತ್ಮ, ಅವಳು ಕೇಳಿಸಿಕೊಂಡಾಳು ಎಂದು ಗೊಣಗುವಷ್ಟಕ್ಕೆ ಬಂತು ಅವಳ ಪಾಡು.

ಐದನೇ ಸಲ ಹರಿದಾಗ ತಮ್ಮನ ಹೆಂಡತಿ ಒಂದು ದಾರಿ ಕಂಡುಹಿಡಿದಳು. ಬೆಕ್ಕಿನ ಉಗುರನ್ನೇ ತೆಗೆಸಿಬಿಡಬಹುದಂತೆ, ಒಂದೇ ದಿನದ ಕೆಲಸವಂತೆ, ಯಾರೋ ಹೇಳಿದರಂತೆ. ತಮ್ಮ ಪೇಪರಿನಿಂದ ತಲೆಯೆತ್ತದೆ, ಒಳ್ಳೇದಾಯ್ತಲ್ಲ ಎಂದ. ತಮ್ಮನ ಸ್ವಭಾವವೇ ಹಾಗೆ, ಹೆಂಡತಿ ಹೇಳಿದ್ದೂ ಸರಿ, ಅಕ್ಕ ಹೇಳಿದ್ದೂ ಸರಿ, ಯಾರೂ ಏನೂ ಹೇಳದಿದ್ದರೆ ಇನ್ನೂ ಸರಿ. ಅಕ್ಕ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ದೊರೆಯ ಮುಂಗಾಲನ್ನು ಮೆಲ್ಲಗೆ ಅದುಮಿ ಉಗುರು ಹೊರಬರಿಸಿ ತೋರಿಸಿದರು.

"ಉಗುರೊಂದನ್ನೇ ತೆಗೆಯಕ್ಕಾಗಲ್ಲ ಅಮ್ಮ. ಬೆರಳಿನ ತುದಿ ಮೂಳೇನೇ ಕತ್ತರಿಸಬೇಕು, ಒಂದೊಂದು ಬೆರಳಿಂದೂ. ನಾನಂತೂ ಮಾಡಲ್ಲ."

ಅಕ್ಕ ಆ ಕಾಲನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಡಾಕ್ಟರಮ್ಮ ಬೆಕ್ಕನ್ನು ಬಿಟ್ಟು ಅವಳನ್ನೇ ಪರೀಕ್ಷೆ ಮಾಡುವವರ ಹಾಗೆ ಒಂದೊಂದಾಗಿ ಕೇಳಿದರು: ಎಲ್ಲಿ ಕೆರೆಯುತ್ತದೆ, ಯಾವಾಗ ಕೆರೆಯುತ್ತದೆ, ಅಲ್ಲಿ ಯಾರು ಕೂರುತ್ತಾರೆ, ಎಂಥ ಬಟ್ಟೆ. ಒರಟು ಬಟ್ಟೆಯ ಕಥೆ ಕೇಳಿ ನಕ್ಕುಬಿಟ್ಟರು. ಬೆಕ್ಕಿಗೆ ಬೇಕಾದ್ದೇ ಅದು, ಉಗುರು ಹೊಕ್ಕು ಹಿಡಿದುಕೊಳ್ಳುವಂಥದ್ದು, ಮೈ ಎಳೆದುಕೊಳ್ಳಲು ಅಲ್ಲಾಡದೆ ನಿಲ್ಲುವಂಥದ್ದು. ನೀವು ವಾರವಾರವೂ ಹೊಸದಾಗಿ ಒದಗಿಸಿಕೊಟ್ಟಿದ್ದೀರಿ ಎಂದರು. ಕೆರೆಯುವುದನ್ನು ಬಿಡಿಸಲು ಯಾರಿಂದಲೂ ಆಗದು, ಜಾಗ ಬದಲಿಸಬಹುದು ಅಷ್ಟೇ. ಇನ್ನೊಂದು ಮಾತನ್ನೂ ಹೇಳಿದರು. ತನಗೆ ಬೇಕಾದವರ ವಾಸನೆ ಎಲ್ಲಿರುತ್ತದೋ ಅಲ್ಲೇ ಬೆಕ್ಕು ತನ್ನ ಗುರುತನ್ನೂ ಬಿಡಲು ನೋಡುತ್ತದಂತೆ.

ಅಕ್ಕ ಆ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಸೋಫಾಕ್ಕೆ ತನ್ನ ವಾಸನೆ ಹತ್ತಿದೆ ಎಂದು ಯಾವ ಬಾಯಿಂದ ಹೇಳುವುದು? ಉಳಿದದ್ದನ್ನು ಮಾತ್ರ ಮಾಡಿದಳು, ಮಾಡಿದ್ದನ್ನು ಅಚ್ಚುಕಟ್ಟಾಗಿ ಮಾಡಿದಳು. ಅಂಗಡಿಯಲ್ಲಿ ಬಿದ್ದಿದ್ದ ಮುರಿದ ಮಂಚದ ಪರದೆ ಕಟ್ಟುವ ಕಂಬವೊಂದನ್ನು ದಪ್ಪ ಹಲಗೆಗೆ ನೆಟ್ಟು, ಸುತ್ತ ನಾರಿನ ಹಗ್ಗ ಬಿಗಿದು ಸುತ್ತಿದಳು. ದೊರೆ ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚಿದರೂ ಸಾಲುವಷ್ಟು ಎತ್ತರ. ಅದನ್ನು ಎಡಗೈಗೆ ತಾಗಿಸಿ ನಿಲ್ಲಿಸಿದಳು. ಸೋಫಾಕ್ಕೆ ಇಡಿಯಾಗಿ ಹೊಸ ಬಟ್ಟೆ ಹಾಕಿದಳು, ಈ ಸಲ ಉಗುರಿಗೆ ಹಿಡಿತವೇ ಸಿಗದ ನುಣುಪು ಬಟ್ಟೆ, ಪಾಚಿ ಬಣ್ಣದ್ದು. ಸೀಟು ಕುಗ್ಗಿತ್ತು, ಸ್ಪಂಜನ್ನೂ ಬದಲಿಸಿದಳು. ಮೂರು ಭಾನುವಾರ ಹಿಡಿಯಿತು. ದೊರೆ ಕಂಬಕ್ಕೆ ಕಾಲು ಹಚ್ಚಿದಾಗಲೆಲ್ಲ ಒಂದು ಚೂರು ಬೇಯಿಸಿದ ಮೀನು, ಜೊತೆಗೆ ತಲೆ ಸವರಿ ಶಹಬ್ಬಾಸ್. ಮತ್ತೆ ದಿನಕ್ಕೆ ಒಂದು ಗೇಣಿನಷ್ಟು ಕಂಬವನ್ನು ಸರಿಸುತ್ತಾ ಸರಿಸುತ್ತಾ ಬಾಲ್ಕನಿಗೆ ಮುಟ್ಟಿಸಿದಳು. ಬೆಕ್ಕೂ ಕಂಬದ ಹಿಂದೆಯೇ ಹೋಯಿತು. ಎರಡು ತಿಂಗಳಲ್ಲಿ ಸೋಫಾದ ಕಡೆ ಅದು ತಿರುಗಿಯೂ ನೋಡುತ್ತಿರಲಿಲ್ಲ.

ತಮ್ಮನ ಹೆಂಡತಿ ಬಾಯ್ತುಂಬ ಹೊಗಳಿದಳು. ಬಂದವರಿಗೆಲ್ಲ ಸೋಫಾ ತೋರಿಸಿದಳು, ಬೆಕ್ಕನ್ನೂ ತೋರಿಸಿದಳು. ಅಕ್ಕನಿಗೆ ನಾಲ್ಕು ವರ್ಷದಲ್ಲಿ ಮೊದಲ ಸಲ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಇನ್ನು ಯಾರ ಬಾಯಲ್ಲೂ ಮಾತಿಲ್ಲ ಎಂದುಕೊಂಡಳು. ಒಂದು ಸಂಜೆ ಧೈರ್ಯ ಮಾಡಿ ಟಿವಿ ಮುಂದೆಯೇ ಕೂತಳು, ಸೋಫಾದ ಮೇಲೆಯೇ, ತುದಿಯಲ್ಲಿ.

ಆ ವಾರದ ಶನಿವಾರ ಊಟದ ಹೊತ್ತಿಗೆ ತಮ್ಮ ಅನ್ನ ಕಲಸುತ್ತಾ ಕಲಸುತ್ತಾ ಮಾತು ತೆಗೆದ.

"ಅಕ್ಕ, ಇವಳ ತಂಗಿ ಹೊಸ ಮನೆ ಮಾಡಿದಾಳಲ್ಲ. ಸೋಫಾ ಅವಳಿಗೆ ಕೊಟ್ಬಿಡೋಣ ಅಂತ. ಅವಳು ಬಂದು ನೋಡಿದ್ಲು, ತುಂಬಾ ಇಷ್ಟ ಆಯ್ತಂತೆ. ಹರಿದಿದ್ದಾಗ ಬೇಡ ಅಂದಿದ್ಲು."

ಅಕ್ಕ ತುತ್ತು ಕೈಯಲ್ಲೇ ಹಿಡಿದು ಕೂತಳು. ತಮ್ಮನ ಕಣ್ಣು ತಟ್ಟೆ ಬಿಟ್ಟು ಮೇಲೇಳಲಿಲ್ಲ. ಹಾಲಿನಲ್ಲಿ ಊಟದ ಟೇಬಲ್ ಹಾಕುತ್ತಾರಂತೆ, ಮನೆಯೆಂದ ಮೇಲೆ ಅದೂ ಬೇಕಲ್ಲ. ಅಕ್ಕನಿಗೆ ಕುಶನ್ ಅಂಗಡಿಯ ಹಿಂದೆ ಒಂದು ರೂಮು ಖಾಲಿ ಇದೆಯಂತೆ, ಯಜಮಾನರ ಹತ್ತಿರ ಅವನು ಆಗಲೇ ಮಾತಾಡಿದ್ದಾನಂತೆ, ಹೋಗಿ ಬರುವ ಸುಸ್ತೂ ತಪ್ಪುತ್ತದಂತೆ. ಎಲ್ಲವನ್ನೂ ಎಷ್ಟು ಒಪ್ಪವಾಗಿ ಜೋಡಿಸಿಟ್ಟಿದ್ದರು ಎಂದರೆ ಅಕ್ಕ ಬೆರಳು ತೂರಿಸುವಷ್ಟು ಸಂದೂ ಇರಲಿಲ್ಲ.

ಬೆಕ್ಕು ಎಂದಷ್ಟೇ ಅವಳ ಬಾಯಿಂದ ಬಂದದ್ದು.

ತಮ್ಮನ ಹೆಂಡತಿ ಅವಳ ತೋಳು ಮುಟ್ಟಿದಳು. "ಅಂಗಡೀಲಿ ಬೆಕ್ಕು ಬೇಡ ಅಂದ್ರಂತೆ ಅಕ್ಕ, ಬಟ್ಟೆ ಜಾಗ ಅಲ್ವಾ. ದೊರೆ ಇಲ್ಲೇ ಇರ್ಲಿ ಬಿಡಿ, ನಾನು ನೋಡ್ಕೋತೀನಿ. ಈಗ ಎಷ್ಟು ಜಾಣ ಆಗ್ಬಿಟ್ಟಿದೆ, ಅದ್ರಿಂದ ಏನ್ ತೊಂದ್ರೆ?"

ಆಕೆ ಅದನ್ನು ಮನಸಾರೆ ಹೇಳಿದ್ದಳು. ಅಕ್ಕ ತುತ್ತು ಬಾಯಿಗಿಟ್ಟುಕೊಂಡು ನುಂಗಿದಳು. ಇದು ನಿನ್ನ ಮನೆ ಎಂದು ಯಾವತ್ತೂ ಯಾರೂ ಹೇಳಿರಲಿಲ್ಲ, ಹಾಗಾಗಿ ಹೊರಗೆ ಹೋಗು ಎಂದೂ ಯಾರೂ ಹೇಳಬೇಕಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ತಂಗಿಯ ಮನೆಗೆ ಹೋದರು. ಸೋಫಾ ಎಲ್ಲಿ ಹಾಕಬೇಕೆಂದು ಅಳತೆ ನೋಡಬೇಕಿತ್ತು. ಸಾಮಾನಿನ ಗಾಡಿ ಮರುದಿನ ಬೆಳಿಗ್ಗೆ. ಬಾಗಿಲು ಮುಚ್ಚಿದ ಮೇಲೆ ಅಕ್ಕ ಸೋಫಾದ ಎಡಗೈಯ ಮೇಲೆ ಕೈಯಾಡಿಸಿದಳು. ಹರಿದಿದ್ದಾಗ ಬೇಡ ಅಂದಿದ್ದಳಂತೆ. ಹಾಗಾದರೆ ಈಗಲೂ ಹರಿದರೆ ಬೇಡ ಅನ್ನುತ್ತಾಳೆ. ಕತ್ತರಿ ಹಾಕಿದರೆ ಕತ್ತರಿಯ ಗಾಯ ಎಂದು ಕುರುಡರಿಗೂ ಗೊತ್ತಾಗುತ್ತದೆ. ಬೆಕ್ಕೇ ಹರಿಯಬೇಕು.

ಬಾಲ್ಕನಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ದೊರೆಯನ್ನು ಎತ್ತಿ ತಂದು ಸೋಫಾದ ಎಡಗೈಯ ಮುಂದೆ ಬಿಟ್ಟಳು. ಅದು ಮೂಸಿ ನೋಡಿತು, ಕೂತಿತು, ಬಾಲ ನೆಕ್ಕಿಕೊಂಡಿತು. ಅಕ್ಕ ಪಕ್ಕದಲ್ಲಿ ಮೊಣಕಾಲೂರಿ, ಅದರ ಎರಡೂ ಮುಂಗಾಲು ಹಿಡಿದು ಬಟ್ಟೆಗೆ ಒತ್ತಿದಳು. ಡಾಕ್ಟರಮ್ಮ ಮಾಡಿದ ಹಾಗೆ ಬೆರಳು ಅದುಮಿ ಉಗುರು ಹೊರಬರಿಸಿ, ಕೆಳಕ್ಕೆ ಎಳೆದಳು. ನುಣುಪು ಬಟ್ಟೆಯ ಮೇಲೆ ಉಗುರು ಜಾರಿತು. ಮತ್ತೆ ಎಳೆದಳು, ಮತ್ತೆ ಜಾರಿತು.

"ಕೆರಿ," ಎಂದಳು. "ಕೆರಿಯೋ ನನ್ನಪ್ಪ. ಇವತ್ತೊಂದು ದಿನ."

ದೊರೆ ಅವಳ ಮುಖ ನೋಡಿತು. ಕೈಯಿಂದ ಕೊಸರಿಕೊಂಡು ಕೆಳಗಿಳಿಯಿತು. ಅಕ್ಕ ತಾನೇ ಹತ್ತೂ ಬೆರಳು ಹಚ್ಚಿ ಆ ಬಟ್ಟೆಯನ್ನು ಪರಚಿದಳು. ನೂಲು ಸಿಕ್ಕಿಕೊಳ್ಳದಿರಲಿ ಎಂದು ಹದಿನೆಂಟು ವರ್ಷದಿಂದ ಬುಡದವರೆಗೆ ಕತ್ತರಿಸಿದ ಉಗುರು. ಒಂದು ಗೆರೆಯೂ ಬೀಳಲಿಲ್ಲ. ಬಿಗಿಯಾಗಿ ಎಳೆದು ಕೂರಿಸಿದ ಬಟ್ಟೆ, ಒಂದು ಎಳೆ ಸಡಿಲವಿರಲಿಲ್ಲ. ಅವಳು ಕೈಸೋತು, ಸೋಫಾಕ್ಕೆ ಹಣೆ ಹಚ್ಚಿ ಅತ್ತಳು. ಯಾರೂ ಇಲ್ಲದ್ದರಿಂದ ದನಿ ತೆಗೆದೇ ಅತ್ತಳು.

ಬಾಲ್ಕನಿಯಿಂದ ಪರಪರ ಸದ್ದು ಕೇಳಿಸಿತು. ಹಗ್ಗದ ಕಂಬಕ್ಕೆ ದೊರೆ ಮೈಚಾಚಿ ಕೆರೆಯುತ್ತಿತ್ತು. ಚೆನ್ನಾಗಿ ಕೆರೆದು ಮುಗಿಸಿ, ಬಾಲ ನೆಟ್ಟಗೆ ಮಾಡಿಕೊಂಡು ನಡೆದು ಬಂದು, ಅವಳ ಮೊಣಕಾಲಿಗೆ ತಲೆ ತಿಕ್ಕಿ, ಎದುರಿಗೆ ಕೂತು ಕಾಯಿತು. ಅವಳು ಕೆರಿ ಎಂದಿದ್ದಳು, ಅದು ಕೆರೆದು ಬಂದಿತ್ತು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ಒಂದು ಚೂರು ಮೀನು ತಂದು ಅದರ ಮುಂದೆ ಇಟ್ಟಳು. ತಲೆ ಸವರಿ, ಶಹಬ್ಬಾಸ್ ಎಂದಳು.