ಉಳಿಸಿಟ್ಟ ಅರ್ಧ

ನಾನು ಅರ್ಧ ಮೀಟರ್ ಉದ್ದದ ಕರಿಮಣ್ಣಿನ ತುಂಡು. ನೀಲಗಿರಿಯ ಒಂದು ಜೌಗಿನಲ್ಲಿ, ಸತ್ತ ಹುಲ್ಲು ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ನಾನಾದೆ. ಇಂಥ ಮಣ್ಣನ್ನು ಓದಿದವರು ಪೀಟ್ ಎನ್ನುತ್ತಾರೆ. ನಾನಾಗಲು ಮೂರು ಸಾವಿರ ವರ್ಷ ಹಿಡಿಯಿತು. ಅಷ್ಟೂ ಕಾಲ ನಾನು ಒಬ್ಬಳೇ ಇದ್ದೆ. ಆಗ ಹೊಟ್ಟೆಕಿಚ್ಚು ಎಂದರೇನೆಂದು ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಕೊಳವೆಯೊಂದು ಇಳಿದು ನನ್ನನ್ನು ಮೇಲಕ್ಕೆಳೆಯಿತು. ಎಳೆದವನು ಪ್ರಯೋಗಾಲಯದ ಸಹಾಯಕ ಚಿಕ್ಕೀರಯ್ಯ. ಎಳೆಸಿದವಳು ಸಂಶೋಧನಾ ವಿದ್ಯಾರ್ಥಿನಿ ನಾಗವೇಣಿ.

"ಮೈಸೂರಲ್ಲಿ ಕೆಸರು ಇರ್ನಿಲ್ವಾ ಮೇಡಮ್ಮೋರೆ? ಇಲ್ಲೀಗಂಟ ಬಂದು ಹೊತ್ಕಂಡೋಗ್ಬೇಕಾ?"

"ಕೆಸರಲ್ಲೋ ಕಾಕಾ. ಯಾವಾಗ ಮಳಿ ಹೊಡದಿತ್ತು, ಯಾವಾಗ ಬರ ಬಿದ್ದಿತ್ತು, ಎಲ್ಲಾ ಇದರಾಗ ಐತಿ."

ಅವಳು ಕೊಳವೆಯ ಮೇಲೆ ಎರಡು ಕಡೆ, ಮೇಲಿನ ತುದಿಯತ್ತ, ಎಂದರೆ ನನ್ನ ತಲೆಯತ್ತ ತೋರುವ ಬಾಣ ಬರೆದಳು. ನನ್ನ ಮೇಲೆ ಮೊದಲನೇ ಕೊಳವೆ, ಕೆಳಗೆ ಮೂರನೆಯದು. ನಾನು ಎರಡನೆಯದು.

ಪ್ರಯೋಗಾಲಯದಲ್ಲಿ ನನ್ನನ್ನು ಉದ್ದಕ್ಕೆ ಸೀಳಿದರು. ನನ್ನೊಳಗಿದ್ದ ಒಂದು ಕಡ್ಡಿಯೂ ಸರಿಯಾಗಿ ಎರಡಾಯಿತು. ಒಂದು ಅರ್ಧಕ್ಕೆ 'ಅ' ಎಂದರು, ನನಗೆ 'ಆ'. ಅಷ್ಟಕ್ಕೇ ಅವಳು ಅಕ್ಕನಾದಳು. ಅವಳನ್ನು ಓದುವುದು, ನನ್ನನ್ನು ಉಳಿಸಿಡುವುದು ಎಂಬುದು ಅಲ್ಲಿಯ ಪದ್ಧತಿ.

ಮಣ್ಣಿನ ತಲೆ ಯಾವಾಗಲೂ ಎಡಗೈ ಕಡೆ ಇರಬೇಕೆಂಬುದು ಇನ್ನೊಂದು ಪದ್ಧತಿ. ಮೇಜಿನ ಈಚೆ ನಿಂತ ಚಿಕ್ಕೀರಯ್ಯ ನನ್ನನ್ನು ಅರ್ಧ ಕೊಳವೆಯ ಸಮೇತ ತನ್ನ ಎಡಕ್ಕೆ ತಲೆಯಿಟ್ಟು ಮಲಗಿಸಿದ. ಎದುರು ನಿಂತ ನಾಗವೇಣಿ ಅಕ್ಕನನ್ನು ಕೊಳವೆಯಿಂದ ಬಿಡಿಸಿ ನನ್ನ ಪಕ್ಕದ ತಟ್ಟೆಯಲ್ಲಿ, ನನ್ನ ತಲೆಯ ಕಡೆಗೇ ತಲೆಯಿಟ್ಟು ಮಲಗಿಸಿ, ಖಾಲಿ ಕೊಳವೆಯನ್ನು ಬುಟ್ಟಿಗೆಸೆದಳು. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ಬಂದವಳು ಮೇಜಿನ ಮೇಲೆ ನನ್ನ ಬಾಣ ಯಾವ ಕಡೆಗಿದೆ ಎಂದು ನೋಡಲಿಲ್ಲ. "ತಲಿ ಎಡಕ್ಕ ಹೌದಲ್ಲೋ?" ಎಂದಳು. ಅವನು "ಹೂಂ, ಎಡಕ್ಕೇಯಾ" ಎಂದ. ಅವಳು ತನ್ನ ಎಡತುದಿಯಿಂದ ಅಕ್ಕನನ್ನು ಅಳೆಯತೊಡಗಿದಳು.

ನಾನು ನೋಡಿದೆ. ನನಗೆ ಬಾಯಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ನನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂಪು ಕೋಣೆಯಲ್ಲಿಟ್ಟರು. ಬಾಗಿಲಿಗೆ ಗಾಜಿತ್ತು. ಅದರಾಚೆ ಅಕ್ಕನ ವೈಭವ! ನಾಗವೇಣಿ ವಾರಕ್ಕೊಂದು ಹೋಳು ಕತ್ತರಿಸಿ, ಆಮ್ಲದಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದಳು. ಹಳೆಯ ಪರಾಗ ಕಂಡರೆ "ಅಯ್ಯ, ಎಷ್ಟ್ ಚಂದ ಇದಿಯೇ!" ಎಂದು ಅದರೊಂದಿಗೇ ಮಾತಾಡುತ್ತಿದ್ದಳು. ಕಾಡಿನ ಮರದ ಪರಾಗವೆಂದರೆ ಮಳೆ ಹೆಚ್ಚಿದ್ದ ಕಾಲ, ಬರೀ ಹುಲ್ಲಿನದಾದರೆ ಒಣಗಾಲ. ಅದೇ ಪರಾಗ ನನ್ನಲ್ಲೂ ಇತ್ತು. ಮೂರು ವರ್ಷ ಯಾರೂ ಕೇಳಲಿಲ್ಲ. ಅಕ್ಕ ಸವೆದು ಸವೆದು ಕೊನೆಯ ಹೋಳೂ ಮುಗಿದಾಗ, ಅಷ್ಟು ಬೇಕಾದವಳಾಗಿ ಮುಗಿದಳಲ್ಲ ಎಂದು ಅದಕ್ಕೂ ಕರುಬಿದೆ.

ಆಮೇಲೆ ಕಾಲನಿರ್ಣಯದ ವರದಿ ಬಂತು. ಒಂದನೆಯದೂ ಮೂರನೆಯದೂ ಸರಿಯಿದ್ದವು. ಎರಡನೇ ಕೊಳವೆಯಲ್ಲಿ ಮಾತ್ರ ಮೇಲಿನ ಮಣ್ಣು ಹಳೆಯದು, ಕೆಳಗಿನದು ಹೊಸದು.

"ಎಮ್ಮೆಗಳು ತುಳಿದು ಕಲಕಿದ ಜೌಗು," ಎಂದರು ಮಾರ್ಗದರ್ಶಕ ಹೆಬ್ಬಾರರು. "ಬಿಟ್ಟುಬಿಡಮ್ಮ. ಬೇರೆ ವಿಷಯ ನೋಡು."

ಮೂರು ವರ್ಷದ ಕೆಲಸ. ನಾಗವೇಣಿ ಗಾಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ನನಗೆ ಖುಷಿಯಾಯಿತು. ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ.

"ಆ ಇನ್ನೊಂದರ್ಧ ಅದೆಯಲ್ಲಾ ಮೇಡಮ್ಮೋರೆ," ಎಂದ ಚಿಕ್ಕೀರಯ್ಯ. "ಒಂದ್ಸಾರಿ ನೋಡ್ಬುಡಿ. ನೋಡೋಕೇನು ಕಾಸಾ?"

ನನ್ನನ್ನು ಬಿಚ್ಚಿದರು. ಬ್ಲೇಡು ಬರುತ್ತದೆಂದು ಕಾದೆ. ಬಂದದ್ದು ಅಳತೆಪಟ್ಟಿ. ಬಾಣ ತೋರುವ ತುದಿಯಿಂದ ಕಡ್ಡಿಗೆ ಎಂಟು ಸೆಂಟಿಮೀಟರ್. ಅವಳು ಹಳೆಯ ಟಿಪ್ಪಣಿ ಪುಸ್ತಕ ತಿರುವಿದಳು. ಅಕ್ಕನಲ್ಲಿ ಅದೇ ಕಡ್ಡಿ ನಲವತ್ತೆರಡರಲ್ಲಿ.

"ಕಾಕಾ, ಅವತ್ತು ನೀ ಎಲ್ಲಿ ನಿಂತಿದ್ದಿ?"

"ಇಲ್ಲೇಯಾ. ನೀವು ಎದುರ್ಗೆ."

ಇಬ್ಬರೂ ಮೇಜಿನ ಎರಡು ಬದಿಗೆ ನಿಂತು ಎಡಗೈ ಚಾಚಿದರು. ಕೈಗಳು ಒಂದೊಂದು ದಿಕ್ಕಿಗೆ ಹೋದವು. ನಾಗವೇಣಿ ನಗುತ್ತ ಅತ್ತಳು. "ಜೌಗು ಸರಿನ ಐತಿ ಕಾಕಾ. ತಲಿ ಕೆಳಗಾದಾಕಿ ನಾನು."

ಅಕ್ಕನ ಅಂಕಿಗಳನ್ನೆಲ್ಲ ಅವಳು ತಿರುಗಿಸಿ ಬರೆದಳು. ಅವಳ ಮಹಾಪ್ರಬಂಧದಲ್ಲಿ ಇನ್ನೂರು ಪುಟ ಅಕ್ಕನದು. ನನಗೆ ಸಿಕ್ಕಿದ್ದು ಒಂದು ಸಾಲು.

ಈಗ ಮತ್ತೆ ಅದೇ ತಂಪು ಕೋಣೆಯಲ್ಲಿದ್ದೇನೆ. ನನ್ನ ಮೈಯಿಂದ ಒಂದು ಚೂರೂ ತೆಗೆಯಲಿಲ್ಲ. ಇನ್ನು ಕರುಬಲು ಯಾರೂ ಉಳಿದಿಲ್ಲ. ಆದರೂ ಆ ಒಂದು ಸಾಲು, ಇನ್ನೂರು ಪುಟ ನೆನಪಾದರೆ ಒಳಗೆ ಚುರುಕ್ಕೆನ್ನುತ್ತದೆ. ಕಡ್ಡಿಯ ಸೀಳಿದ ಮುಖ ಮಾತ್ರ ಹಾಗೇ ಹೊರಗಿದೆ, ಅಕ್ಕ ಅಂಟಿಕೊಂಡಿದ್ದ ಕಡೆಗೆ.