ನರ್ಸಿಂಗಿನ ಕೊನೆಯ ಬ್ಯಾಚು

ಆರ್ಚರ್ಡ್ ವ್ಯಾಲಿ ಕಾಲೇಜು ಅಮೆರಿಕದ ಹೇವರ್ಡಿನ ಆಚೆ, ಹಿಂದೆ ಹಣ್ಣಿನ ತೋಟವಿದ್ದ ಜಾಗದಲ್ಲಿ ಎದ್ದದ್ದು. ಇಪ್ಪತ್ತು ವರ್ಷ ಫೀಸಿಲ್ಲದೆ ಸುತ್ತಲಿನವರಿಗೆಲ್ಲ ವೆಲ್ಡಿಂಗು, ಟೈಪಿಂಗು, ನರ್ಸಿಂಗು ಕಲಿಸಿತು. ಆಮೇಲೆ ಜನ, ಕಾಲೇಜನ್ನು ಸಾಕುತ್ತಿದ್ದ ಮನೆ ತೆರಿಗೆಯೇ ಇಳಿಯಲೆಂದು ಓಟು ಹಾಕಿ ಅದರ ಕತ್ತು ಹಿಚುಕಿದರು. ಎಂಬತ್ನಾಲ್ಕರಲ್ಲಿ ಫೀಸು ಬಂತು, ವೆಲ್ಡಿಂಗು ಹೋಯಿತು. ಎಂಬತ್ತೈದರ ನರ್ಸಿಂಗ್ ಬ್ಯಾಚೇ ಕೊನೆಯದು ಎಂದು ನೋಟೀಸು ಹಚ್ಚಿದರು.

ಆ ಬ್ಯಾಚಿನಲ್ಲಿ ಮೈಸೂರಿನ ನಿರುಪಮಾ ಇದ್ದಳು. ವಯಸ್ಸು ಮೂವತ್ತೆಂಟು, ಗಂಡ ಶ್ರೀಕಂಠ ಇಂಜಿನಿಯರು. ಒಂದು ಜೊತೆ ಚಪ್ಪಲಿ ಕೊಳ್ಳಬೇಕಾದರೂ ಅವನ ಮುಖ ನೋಡಬೇಕಾಗಿದ್ದವಳಿಗೆ ಮೇ ತಿಂಗಳು ಕಳೆದರೆ ತನ್ನದೆಂಬ ಕೆಲಸ ಸಿಗುವುದಿತ್ತು. ಆಸ್ಪತ್ರೆಯ ಡ್ಯೂಟಿ ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಮಾತ್ರ ಹೆಸರು ಹೊಡೆದುಹಾಕುತ್ತಿದ್ದರು.

ಮಾರ್ಚಿನ ಒಂದು ಶುಕ್ರವಾರ ಸಂಜೆ ಮೈಸೂರಿನ ಕಾಗದ ಬಂತು. ಶ್ರೀಕಂಠನ ದೊಡ್ಡಪ್ಪ ತೀರಿಕೊಂಡು ಆಗಲೇ ಹದಿಮೂರು ದಿನವಾಗಿತ್ತು.

“ಹತ್ತು ದಿನ ಸೂತಕ. ನೀನು ಆಚೆ ಹೋಗ್ಬೇಡ,” ಎಂದ ಶ್ರೀಕಂಠ.

“ಸೋಮವಾರದಿಂದ ದಿನಾ ಡ್ಯೂಟಿ ಇದೆ ರೀ. ನೀವು ಆಫೀಸಿಗೆ ಹೋಗಲ್ವಾ?”

“ಆಫೀಸು ಬೇರೆ. ನೀನು ಪೇಷೆಂಟ್‌ಗಳನ್ನ ಮುಟ್ಟೋಳು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹೆಂಡತಿಯ ಕೆಲಸಕ್ಕೆ ಮಾತ್ರ ಅಂಟುವ ಸೂತಕವನ್ನು ಯಾವ ಪುಣ್ಯಾತ್ಮ ಬರೆದಿಟ್ಟನೋ ಕಾಣೆ. ಆದರೆ ಆ ಕೊನೆಯ ಮಾತಿಗೆ ನಿರುಪಮಾ ಹೆದರಿದಳು. ಮೈಸೂರಿನ ಕಾಲೇಜಿನಲ್ಲಿ ಬರೆಯುತ್ತಿದ್ದ ಹಾಗೆಯೇ, ದಯಮಾಡಿ ರಜೆ ಕೊಡಬೇಕಾಗಿ ಪ್ರಾರ್ಥನೆ ಎಂದು ಅರ್ಜಿ ಬರೆದು ಪೋಸ್ಟ್ ಮಾಡಿದಳು. ಅರ್ಜಿ ಕೊಟ್ಟರೆ ರಜೆ ಸಿಕ್ಕಂತೆಯೇ ಎಂದು ನಂಬಿದಳು, ಪಾಪ.

ಹನ್ನೊಂದನೆಯ ದಿನ ತಲೆಗೆ ಸ್ನಾನ ಮಾಡಿ ಕಾಲೇಜಿಗೆ ಹೋದರೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. “ನೀನು ಐದು ದಿನ ತಪ್ಪಿಸಿದೆ. ಇಲ್ಲಿ ಅರ್ಜಿ ಕಳಿಸಿದರೆ ರಜೆ ಸಿಗುವುದಿಲ್ಲ. ಒಂದು ಫೋನು ಮಾಡಿದ್ದರೆ ಡ್ಯೂಟಿ ಬದಲಿಸಿ ಕೊಡುತ್ತಿದ್ದೆ,” ಎಂದು ಟೀಚರು ಇಂಗ್ಲಿಷಿನಲ್ಲಿ ಹೇಳಿದಳು. “ಮುಂದಿನ ವರ್ಷ ಬಾ ಎನ್ನೋಣವೆಂದರೆ ಮುಂದಿನ ವರ್ಷವೇ ಇಲ್ಲ.” ಆ ಟೀಚರ ಕೆಲಸವೂ ಮೇ ತಿಂಗಳಿಗೇ ಮುಗಿಯುತ್ತಿತ್ತು. ಇಬ್ಬರೂ ಅತ್ತರು.

ಭಾನುವಾರ ಲಾಸ್ ಆಲ್ಟೋಸಿನಿಂದ ಆನಂದತೀರ್ಥರು ಮನೆಗೆ ಬಂದರು. ಅಲ್ಲಿಯ ಕನ್ನಡದವರಿಗೆಲ್ಲ ಪೂಜೆ ಮಾಡಿಸುತ್ತಿದ್ದ ಹಿರಿಯರು.

“ಹತ್ತು ದಿನಾನೂ ಸ್ಟ್ರಿಕ್ಟಾಗಿ ಮಾಡಿದ್ವಿ,” ಎಂದು ಶ್ರೀಕಂಠ ಎದೆಯುಬ್ಬಿಸಿದ.

“ಕಾಗದ ಯಾವಾಗ ಬಂತಪ್ಪ?”

“ಹದಿಮೂರನೇ ದಿನ. ಶುಕ್ರವಾರ.”

“ಅಯ್ಯೋ, ಹತ್ತು ದಿನ ಕಳೆದ ಮೇಲೆ ತಿಳಿದ್ರೆ ದೊಡ್ಡಪ್ಪನಿಗೆ ಮೂರೇ ರಾತ್ರಿ ಕಣಯ್ಯ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿದ್ರೆ ಮುಗೀತಿತ್ತು.”

ಕಾಫಿ ತರುತ್ತಿದ್ದ ನಿರುಪಮಾ ಅದನ್ನು ಕೇಳಿಸಿಕೊಳ್ಳುತ್ತಲೇ ಲೋಟಗಳನ್ನು ಮೇಜಿನ ಮೇಲಿಟ್ಟಳು.

“ಹೋಗ್ಲಿ ಬಿಡಿ, ಜಾಸ್ತಿ ಮಾಡಿದ್ರೆ ದೋಷ ಇಲ್ವಲ್ಲ,” ಎಂದು ಶ್ರೀಕಂಠ ನಗುತ್ತ ಲೋಟಕ್ಕೆ ಕೈ ಚಾಚಿದ. ಆ ನಗು ನೋಡಿ ಅವಳಿಗೆ ಹೇಸಿಗೆಯಾಯಿತು.

“ದೋಷ ಇದೆ ರೀ,” ಎಂದಳು.

ಅವನು ಹಿರಿಯರ ಜೊತೆ ಮಾತು ಮುಂದುವರಿಸಿದ್ದ. ಮೇ ತಿಂಗಳಲ್ಲಿ ಇಪ್ಪತ್ತಮೂರು ಜನ ಪಾಸಾದರು, ನರ್ಸಿಂಗ್ ಕ್ಲಾಸಿಗೆ ಬೀಗ ಬಿತ್ತು. ನಿರುಪಮಾ ಮನೆಯಲ್ಲೇ ಉಳಿದಳು.