ವೈರಸ್ ಎಂದು ಬರೆದ ಚೀಟಿ

ನಮ್ಮ ಧಂದೆಯಲ್ಲಿ ಒಂದು ಅನುಕೂಲದ ಶಬ್ದ ಇತ್ತು: ವೈರಸ್. ಕಂಪ್ಯೂಟರಿಗೆ ಏನಾಗಿದೆ ಎಂದು ತಿಳಿಯದಿದ್ದರೆ ವೈರಸ್ ಎನ್ನುತ್ತಿದ್ದೆವು. ತಿಳಿದೂ ಹೇಳುವ ಮನಸ್ಸಿಲ್ಲದಿದ್ದರೆ ಆಗಲೂ ವೈರಸ್ಸೇ. ಇಂಡಿ ಬಸ್‌ಸ್ಟ್ಯಾಂಡಿನ ಎದುರು ರಿಪೇರಿ ಅಂಗಡಿ ಇಟ್ಟಿದ್ದ ನನ್ನನ್ನು ಜನ ಕಂಪ್ಯೂಟರ್ ಡಾಕ್ಟರ್ ಎನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ.

2002ರ ಜನವರಿಯಲ್ಲಿ ಹೊರ್ತಿಯ ಒಂದು ಹೈಸ್ಕೂಲಿನಿಂದ ಕರೆ ಬಂತು. ಅಲ್ಲಿದ್ದದ್ದು ಒಂದೇ ಕಂಪ್ಯೂಟರು. ದಸರಾ ಸೂಟಿ ಮುಗಿದಾಗಿನಿಂದ ಅದನ್ನು ಚಾಲೂ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ತಕರಾರು ಮೂಡುತ್ತಿತ್ತಂತೆ. ಯಾವುದಾದರೂ ಕೀ ಒತ್ತಿದ್ದರೆ ಮುಂದಕ್ಕೆ ಹೋಗುತ್ತಿತ್ತು. ಒತ್ತುವ ಧೈರ್ಯ ಯಾರಿಗೂ ಆಗಿರಲಿಲ್ಲ. ಹೆಡ್‌ಮಾಸ್ತರ ಬಸಂತರಾಯರು ಅದಕ್ಕೆ ಚಾದರ ಹೊದಿಸಿ ಕೋಣೆಗೆ ಬೀಗ ಹಾಕಿದ್ದರು.

ಸೂಟಿ ಮುಗಿದ ದಿನ ಅದನ್ನು ಮೊದಲು ಚಾಲೂ ಮಾಡಿದವರು ವಿಜ್ಞಾನ ಕಲಿಸುವ ಪಲ್ಲವಿ ಟೀಚರು. ಎರಡು ವರ್ಷವಾದರೂ ಅವರ ನೌಕರಿ ಕಾಯಂ ಆಗಿರಲಿಲ್ಲ. ಅದನ್ನು ತೀರ್ಮಾನಿಸಲು ಆಡಳಿತ ಮಂಡಳಿ ನಾನು ಹೋದ ದಿನವೇ ಸಂಜೆ ನಾಲ್ಕಕ್ಕೆ ಸೇರುವುದಿತ್ತು.

"ಆಕಿ ಮುಟ್ಟಿದ ಮ್ಯಾಲೇ ಕೆಟ್ಟೈತಿ ನೋಡು" ಎಂದರು ಬಸಂತರಾಯರು.

ಪಲ್ಲವಿ ಟೀಚರು ಊರ ಹೊರಗಿನ ಕೇರಿಯಿಂದ ಓದಿ ಮೇಲೆ ಬಂದವರು. ಬಾಗಿಲಲ್ಲೇ ನಿಂತಿದ್ದ ಅವರಿಗೆ ಮುಟ್ಟುವ ಮಾತು ಎಲ್ಲಿ ತಾಗಿತು ಎಂದು ನನಗೂ ಗೊತ್ತಾಯಿತು. ಸಿಟ್ಟು ಬಂತು. ಕಂಪ್ಯೂಟರ್ ಚಾಲೂ ಮಾಡಿ ಪರದೆ ಓದಿದೆ. ಸಿಟ್ಟು ಜರ್ರನೆ ಇಳಿಯಿತು.

ಸಿಡಿಲಿಗೆ ಸುಟ್ಟಿದ್ದ ಮೋಡೆಮ್ ಕಾರ್ಡನ್ನು ಸೂಟಿಯಲ್ಲಿ ಕಿತ್ತು ಒಯ್ದವನು ನಾನೇ. ಅದನ್ನು ನಡೆಸುವ ಡ್ರೈವರ್ ಎಂಬ ಫೈಲುಗಳನ್ನು ಕ್ರಮವಾಗಿ ತೆಗೆಯಬೇಕು. ಬಸ್ಸಿನ ಅವಸರದಲ್ಲಿ ನಾನು ಅವನ್ನು ನೇರವಾಗಿ ಅಳಿಸಿಬಿಟ್ಟಿದ್ದೆ. ಮತ್ತೆ ಚಾಲೂ ಮಾಡಿ ನೋಡೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು, ನಾನೂ ಹೋದೆ. ಫೈಲು ಹೋದರೂ ಕಂಪ್ಯೂಟರು ಏಳುವಾಗ ಓದುವ ಪಟ್ಟಿಯಲ್ಲಿ ಅವುಗಳ ಹೆಸರು ಉಳಿದಿತ್ತು. ಸಾಲಿ ಬಿಟ್ಟು ಹೋದ ಹುಡುಗನ ಹೆಸರನ್ನು ಹಾಜರಿಯಲ್ಲಿ ದಿನಾ ಕೂಗಿದ ಹಾಗೆ, ಅದು ಇಲ್ಲದ ಡ್ರೈವರನ್ನು ಕರೆದು ಕರೆದು ನಿಲ್ಲುತ್ತಿತ್ತು.

ಪಟ್ಟಿ ತೆರೆದು ಎರಡು ಸಾಲು ತೆಗೆದೆ. ಮತ್ತೆ ಚಾಲೂ ಮಾಡಿದರೆ ತಕರಾರಿಲ್ಲದೆ ಎದ್ದಿತು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಉಳಿಸಿ ನಾನು ಬಸ್ಸು ಹಿಡಿದಿದ್ದೆ, ಪಲ್ಲವಿ ಟೀಚರು ಮೂರು ತಿಂಗಳು ಚುಚ್ಚುಮಾತು ಕೇಳಿದ್ದರು.

ಏನಾಗಿತ್ತು ಎಂದು ಬರೆದುಕೊಡು, ಮಂಡಳಿಗೆ ತೋರಿಸಬೇಕು ಎಂದರು ಬಸಂತರಾಯರು. ಆ ಮಂಡಳಿಯ ಹೊರ್ತಿ, ಇಂಡಿ, ಸಿಂದಗಿ ಮೂರೂ ಸಾಲಿಗಳ ಕಂಪ್ಯೂಟರ್ ಕೆಲಸ ನನ್ನ ಕೈಯಲ್ಲಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಚೀಟಿಯ ಮೇಲೆ ವೈರಸ್ ಎಂದು ಬರೆದೆ. ಟೀಚರೂ ಪಾರು, ನಾನೂ ಪಾರು.

ಬಸಂತರಾಯರು ಚೀಟಿ ಓದಿದರು. ವೈರಸ್ ಫ್ಲಾಪಿಯಿಂದ ಬರುತ್ತದೆ ಎಂದು ಪೇಪರಿನಲ್ಲಿ ಓದಿದ್ದರಂತೆ. ಪ್ರಶ್ನೆಪತ್ರಿಕೆ ಟೈಪು ಮಾಡಲು ಫ್ಲಾಪಿ ತರುತ್ತಿದ್ದವರು ಪಲ್ಲವಿ ಟೀಚರೊಬ್ಬರೇ. ಬಸಂತರಾಯರು ಚೀಟಿಯನ್ನು ಟೀಚರ ನೌಕರಿಯ ಫೈಲಿಗೆ ಟಾಚಣಿ ಚುಚ್ಚಿ ಸೇರಿಸಿದರು. ಟೀಚರು ನನ್ನ ಕಡೆ ನೋಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ.

"ಆ ಚೀಟಿ ತಗೀರಿ ಸರ್" ಎಂದೆ. "ವೈರಸ್ ಗಿರಸ್ ಏನೂ ಇಲ್ರಿ. ದಸರಾದಾಗ ನಾನೇ ಅರ್ಧಾ ಕೆಲಸ ಮಾಡಿ ಹೋಗಿದ್ದೆ. ತಪ್ಪು ನಂದು."

ಎಲ್ಲವನ್ನೂ ಇನ್ನೊಂದು ಚೀಟಿಯಲ್ಲಿ ಬರೆದು ತಾರೀಖು ಹಾಕಿ ಸಹಿ ಮಾಡಿದೆ. ಬಸಂತರಾಯರು ಎರಡು ಸಲ ಓದಿ, ಮೊದಲನೆಯದನ್ನು ಹರಿದು, ಇದನ್ನು ಫೈಲಿಗೆ ಚುಚ್ಚಿದರು. ನಿನ್ನ ಕೂಡ ಆಮೇಲೆ ಮಾತಾಡುವುದಿದೆ ಎಂದು ಹೇಳಿ ಮೀಟಿಂಗಿಗೆ ಹೋದರು. ಮೂರು ಸಾಲಿಗಳ ಕೆಲಸ ಹೋದಂತೆಯೇ ಎಂದು ಗೊತ್ತಾಯಿತು. ಆದರೂ ಎದೆ ಹಗುರಾಗಿತ್ತು. ಸುಳ್ಳೇಕೆ, ಟೀಚರು ಒಂದು ಉಪಕಾರದ ಮಾತು ಹೇಳಿಯಾರು ಎಂದು ಕಾಯುತ್ತಿದ್ದೆ.

ಅವರು ಕುರ್ಚಿ ಎಳೆದು ಕೂತು ಕಂಪ್ಯೂಟರನ್ನು ತಾವೇ ಬಂದ್ ಮಾಡಿ, ತಾವೇ ಚಾಲೂ ಮಾಡಿದರು. ಅದು ಪೂರ್ತಿ ಏಳುವ ತನಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ತಪ್ಪು ಯಾರ ಕೈಲೆ ಆದರೂ ಆಗ್ತೈತ್ರಿ. ಮದಲಿನ ಚೀಟಿ ಬರಿಯುವಾಗ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ರಿ" ಎಂದೆ.